ಸಂಜೆಯ ತೆರ್ಸ್: ಮನೆಯ ಜಪಸರ ಪ್ರಾರ್ಥನೆಯ ಅರ್ಥ, ಇತಿಹಾಸ ಮತ್ತು ಆಚರಣೆ

ಸಂಜೆ ಇಗರ್ಜಿಯ ಗಂಟೆ ಕೇಳಿದೊಡನೆ ಕೈಯ ಕೆಲಸ ಬಿಟ್ಟು ನಿಲ್ಲುವುದು, ದೀಪ ಹಚ್ಚಿ ದೇವರ ಪೀಠದ ಮುಂದೆ ಮನೆಮಂದಿಯೆಲ್ಲ ಮೊಣಕಾಲೂರುವುದು, ತೆರ್ಸ್ ಮುಗಿದ ಮೇಲೆ ಮಕ್ಕಳು ಹಿರಿಯರ ಬಳಿ ಕೈಜೋಡಿಸಿ 'ಬೆಸಾಂವ್' ಅಂದರೆ ಆಶೀರ್ವಾದ ಬೇಡುವುದು – ಇದು ನಮ್ಮ ಕರಾವಳಿಯ ಕಥೋಲಿಕ ಮನೆಗಳಲ್ಲಿ ತಲೆಮಾರುಗಳಿಂದ ನಡೆದು ಬಂದ ಕ್ರಮ. ಹೆಚ್ಚಿನವರು 'ನಮೋ ಮರಿಯಾ' ಪ್ರಾರ್ಥನೆಯನ್ನು ಕಲಿತದ್ದು ಧರ್ಮೋಪದೇಶದ ತರಗತಿಯಲ್ಲಿ ಅಲ್ಲ. ಅಜ್ಜಿಯ ಪಕ್ಕದಲ್ಲಿ ಅರೆನಿದ್ದೆಯಲ್ಲಿ ಕುಳಿತು.

ಇಂದು ಆ ಹೊತ್ತಿಗೆ ಒಬ್ಬರು ಕೆಲಸದಿಂದ ಬಂದಿರುವುದಿಲ್ಲ, ಒಬ್ಬರು ಟ್ಯೂಶನ್‌ಗೆ ಹೋಗಿರುತ್ತಾರೆ, ಒಬ್ಬರು ಧಾರಾವಾಹಿಯ ಮುಂದೆ, ಇನ್ನೊಬ್ಬರು ಮೊಬೈಲಿನ ಮುಂದೆ. ಮನೆಯೊಡೆಯ ಕೊಲ್ಲಿ ರಾಷ್ಟ್ರದಲ್ಲಿ, ಮಗಳು ಬೆಂಗಳೂರಿನಲ್ಲಿ. ಕೊನೆಗೆ ತೆರ್ಸ್ ಮಾಡುವವರು ಮನೆಯಲ್ಲಿ ಉಳಿದ ಒಬ್ಬ ವೃದ್ಧೆ ಮಾತ್ರ. ಅವರೂ ಕಣ್ಣು ಮುಚ್ಚಿದ ದಿನ ಆ ಮನೆಯಲ್ಲಿ ಜಪಸರ ಯಾರ ಕೈಗೆ ಹೋಗುತ್ತದೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಜಪಸರ ಪ್ರಾರ್ಥನೆಯ ಹಿನ್ನೆಲೆ, ಅದರ ರಚನೆ ಮತ್ತು ದಿನನಿತ್ಯದ ಜೀವನದಲ್ಲಿ ಅದನ್ನು ಆಳವಾಗಿ ಮಾಡುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

'ತೆರ್ಸ್' ಎಂದರೇನು?

ನಾವು ಬಳಸುವ 'ತೆರ್ಸ್' ಎಂಬ ಶಬ್ದ ಪೋರ್ಚುಗೀಸ್ ಭಾಷೆಯ 'ತೆರ್ಸು' ಎಂಬುದರಿಂದ ಬಂದಿದೆ. ಅದರ ಅರ್ಥ ಮೂರನೇ ಒಂದು ಭಾಗ. ಹಿಂದೆ ಪೂರ್ಣ ಜಪಸರವೆಂದರೆ ಹದಿನೈದು ರಹಸ್ಯಗಳು, 150 'ನಮೋ ಮರಿಯಾ' ಪ್ರಾರ್ಥನೆಗಳು. ದಿನಕ್ಕೆ ಐದು ರಹಸ್ಯಗಳನ್ನು, ಅಂದರೆ ಪೂರ್ಣ ಜಪಸರದ ಮೂರನೇ ಒಂದು ಭಾಗವನ್ನು ಪ್ರಾರ್ಥಿಸುತ್ತಿದ್ದುದರಿಂದ ಈ ಹೆಸರು. 2002ರಲ್ಲಿ ಬೆಳಕಿನ ರಹಸ್ಯಗಳು ಸೇರಿದ ಬಳಿಕ ಒಟ್ಟು ಇಪ್ಪತ್ತು ರಹಸ್ಯಗಳಾದವು. ಲೆಕ್ಕದ ಪ್ರಕಾರ ಐದು ರಹಸ್ಯಗಳು ಈಗ ನಾಲ್ಕನೇ ಒಂದು ಭಾಗ. ಆದರೂ ಹಳೆಯ ಹೆಸರು ಹಾಗೆಯೇ ಉಳಿದಿದೆ.

150 ಎಂಬ ಸಂಖ್ಯೆಗೂ ಒಂದು ಕಾರಣವಿದೆ. ಬೈಬಲಿನಲ್ಲಿ 150 ಕೀರ್ತನೆಗಳಿವೆ. ಮಠವಾಸಿಗಳು ಇವುಗಳನ್ನು ಹಾಡಿ ದೇವರನ್ನು ಸ್ತುತಿಸುತ್ತಿದ್ದರು. ಓದು ಬಾರದ ಜನಸಾಮಾನ್ಯರು ಕೀರ್ತನೆಗಳ ಬದಲಿಗೆ ತಮಗೆ ಬಾಯಿಪಾಠವಾಗಿದ್ದ ಪ್ರಾರ್ಥನೆಗಳನ್ನು ಅಷ್ಟೇ ಸಲ ಹೇಳತೊಡಗಿದರು. ಆದುದರಿಂದ ಜಪಸರವನ್ನು 'ಬಡವರ ಕೀರ್ತನೆಗಳ ಗ್ರಂಥ' ಎಂದು ಕರೆಯುವುದುಂಟು. ಅಕ್ಷರ ಬಾರದ ಬೆಸ್ತನೂ ಬೀಡಿ ಕಟ್ಟುವ ತಾಯಿಯೂ ವಿದ್ವಾಂಸರಷ್ಟೇ ಆಳವಾಗಿ ಪ್ರಾರ್ಥಿಸಬಹುದು ಎಂಬುದೇ ಈ ಪ್ರಾರ್ಥನೆಯ ಮೂಲ ಭಾವ.

ಬೆಳೆದು ಬಂದ ದಾರಿ

ಮಾತೆ ಮರಿಯಮ್ಮನವರು ಸಂತ ದೊಮಿನಿಕರಿಗೆ ಜಪಸರವನ್ನು ನೀಡಿದರೆಂಬುದು ಪರಂಪರೆಯಿಂದ ಬಂದ ನಂಬಿಕೆ. ಸಂತ ದೊಮಿನಿಕರು 1221ರಲ್ಲಿ ದೈವಾಧೀನರಾದರು. ಇತಿಹಾಸಕಾರರ ಪ್ರಕಾರ ಇಂದಿನ ರೂಪದ ಜಪಸರ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ, ಶತಮಾನಗಳ ಕಾಲ ಬೆಳೆದು ಬಂದದ್ದು. ಪ್ರತಿ 'ನಮೋ ಮರಿಯಾ'ದೊಡನೆ ಪ್ರಭು ಯೇಸುವಿನ ಜೀವನದ ಘಟನೆಗಳನ್ನು ಜೋಡಿಸುವ ಕ್ರಮ 15ನೇ ಶತಮಾನದಲ್ಲಿ ಕಾರ್ತೂಸಿಯನ್ ಮಠಗಳಲ್ಲಿ ರೂಪುಗೊಂಡಿತು. ಅದೇ ಶತಮಾನದಲ್ಲಿ ದೊಮಿನಿಕನ್ ಗುರು ಅಲನ್ ದೆ ಲಾ ರೋಷ್ ಅವರು ಜಪಸರದ ಸಹೋದರತ್ವ ಸಂಘಗಳನ್ನು ಪ್ರಚಾರ ಮಾಡಿದರು. 1475ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಇಂತಹ ಸಂಘ ಸ್ಥಾಪನೆಯಾಯಿತು.

'ನಮೋ ಮರಿಯಾ' ಪ್ರಾರ್ಥನೆಯ ಮೊದಲ ಭಾಗ ಸಂತ ಲೂಕರ ಶುಭಸಂದೇಶದ ಮೊದಲ ಅಧ್ಯಾಯದಿಂದ ಬಂದಿದೆ: ದೇವದೂತ ಗಬ್ರಿಯೇಲರ ವಂದನೆ (1:28) ಮತ್ತು ಎಲಿಜಬೇತಮ್ಮನವರ ಹರ್ಷೋದ್ಗಾರ (1:42). ನಮ್ಮ ಪರವಾಗಿ ಬೇಡುವಂತೆ ದೇವಮಾತೆಯನ್ನು ಕೋರುವ ಎರಡನೇ ಭಾಗ ಧರ್ಮಸಭೆಯ ಪ್ರಾರ್ಥನೆ. ಅದು ಈಗಿನ ರೂಪದಲ್ಲಿ ಸ್ಥಿರವಾದದ್ದು 1568ರಲ್ಲಿ, ಸಂತ ಐದನೇ ಪಿಯುಸರು ಹೊರತಂದ ರೋಮನ್ ಪ್ರಾರ್ಥನಾಗ್ರಂಥದ ಮೂಲಕ. 1569ರಲ್ಲಿ ಅದೇ ಪೋಪರು ಜಪಸರದ ಕ್ರಮವನ್ನು ಅಧಿಕೃತವಾಗಿ ದೃಢೀಕರಿಸಿದರು.

1571ರ ಅಕ್ಟೋಬರ್ 7ರಂದು ಲೆಪಾಂಟೊ ಎಂಬಲ್ಲಿ ನಡೆದ ನೌಕಾಯುದ್ಧದ ಬಳಿಕ ಆ ದಿನವನ್ನು ಮಾತೆಗೆ ಕೃತಜ್ಞತೆಯ ದಿನವಾಗಿ ಆಚರಿಸಲಾಯಿತು. 1573ರಲ್ಲಿ ಹದಿಮೂರನೇ ಗ್ರೆಗೊರಿಯವರು ಜಪಸರ ಮಾತೆಯ ಹಬ್ಬವನ್ನು ಸ್ಥಾಪಿಸಿದರು. 1716ರಲ್ಲಿ ಹನ್ನೊಂದನೇ ಕ್ಲೆಮೆಂಟರು ಅದನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು. ಹದಿಮೂರನೇ ಲಿಯೋ ಅವರು 1883ರಲ್ಲಿ ವಿಶ್ವಪತ್ರವನ್ನು ಹೊರಡಿಸಿ ಅಕ್ಟೋಬರ್ ತಿಂಗಳನ್ನು ಜಪಸರಕ್ಕಾಗಿ ಮೀಸಲಿಟ್ಟರು. 1917ರಲ್ಲಿ ಪೋರ್ಚುಗಲ್‌ನ ಫಾತಿಮಾದಲ್ಲಿ ಮಾತೆಯು ಮೂವರು ಕುರಿಗಾಹಿ ಮಕ್ಕಳಿಗೆ ದರ್ಶನವಿತ್ತು, ಲೋಕದ ಶಾಂತಿಗಾಗಿ ಪ್ರತಿದಿನ ಜಪಸರ ಮಾಡುವಂತೆ ಕೇಳಿಕೊಂಡರು. 2002ರ ಅಕ್ಟೋಬರ್ 16ರಂದು ಸಂತ ಎರಡನೇ ಜಾನ್ ಪೌಲರು ಜಪಸರದ ಕುರಿತು ಪ್ರೇಷಿತ ಪತ್ರವನ್ನು ಬರೆದು ಬೆಳಕಿನ ರಹಸ್ಯಗಳನ್ನು ಸೇರಿಸಿದರು. ಅಂದಿನಿಂದ 2003ರ ಅಕ್ಟೋಬರ್‌ವರೆಗೆ ಜಪಸರದ ವರ್ಷವನ್ನು ಘೋಷಿಸಿದರು.

ನಮ್ಮ ಕರಾವಳಿಯಲ್ಲಿ ಜಪಸರ

ಮಂಗಳೂರಿನ ಬೋಳಾರದಲ್ಲಿರುವ ರೊಜಾರಿಯೊ ಪ್ರಧಾನ ದೇವಾಲಯವು ಜಪಸರ ಮಾತೆಗೇ ಸಮರ್ಪಿತವಾಗಿದೆ. ಇದರ ಮೂಲ 1568ರಷ್ಟು ಹಿಂದಕ್ಕೆ ಹೋಗುತ್ತದೆ. 'ನಮೋ ಮರಿಯಾ' ಪ್ರಾರ್ಥನೆ ಇಂದಿನ ರೂಪ ಪಡೆದ ವರ್ಷವೂ ಅದೇ ಎಂಬುದು ಗಮನಾರ್ಹ.

ಕೆನರಾದಲ್ಲಿ 1681ರಿಂದ 1684ರವರೆಗೆ ಸೇವೆ ಸಲ್ಲಿಸಿದ ಸಂತ ಜೋಸೆಫ್ ವಾಜರನ್ನು ಇಲ್ಲಿ ನೆನೆಯಬೇಕು. ಮುಂದೆ ಅವರು ಶ್ರೀಲಂಕೆಗೆ ಹೋದಾಗ ಅಲ್ಲಿ ಡಚ್ಚರ ಆಡಳಿತವಿತ್ತು. ಕಥೋಲಿಕ ಗುರುಗಳಿಗೆ ಪ್ರವೇಶವಿರಲಿಲ್ಲ. ಅವರು ಭಿಕ್ಷುಕನ ವೇಷದಲ್ಲಿ, ಕೊರಳಲ್ಲಿ ಜಪಸರ ಧರಿಸಿ ಮನೆ ಮನೆಗೆ ಹೋದರು. ಬಾಗಿಲು ತೆರೆದವರು ಜಪಸರವನ್ನು ಕಂಡು ಹೇಗೆ ವರ್ತಿಸುತ್ತಾರೆ ಎಂಬುದರಿಂದ ಅಡಗಿ ಬಾಳುತ್ತಿದ್ದ ಕಥೋಲಿಕರನ್ನು ಗುರುತಿಸಿದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು.

1784ರಲ್ಲಿ ಕೆನರಾದ ಕ್ರೈಸ್ತರು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ಯಲ್ಪಟ್ಟರು. ಬದುಕುಳಿದವರು ಹಿಂತಿರುಗಿದ್ದು 1799ರ ಬಳಿಕ. ದೇವಾಲಯವಾಗಲಿ ಗುರುಗಳಾಗಲಿ ಕೈಗೆಟುಕದ ಕಾಲದಲ್ಲಿ ಒಂದು ಕುಟುಂಬಕ್ಕೆ ಉಳಿಯುವ ಆಸ್ತಿ ಬಾಯಿಪಾಠದ ಪ್ರಾರ್ಥನೆಯೊಂದೇ. ಇದರ ಸಣ್ಣ ಅನುಭವ ನಮಗೂ 2020ರಲ್ಲಿ ಆಯಿತು. ಕೊರೋನಾದಿಂದಾಗಿ ದೇವಾಲಯಗಳ ಬಾಗಿಲು ಮುಚ್ಚಿದಾಗ, ಪೋಪ್ ಫ್ರಾನ್ಸಿಸರು ಮೇ ತಿಂಗಳಲ್ಲಿ ಮನೆಗಳಲ್ಲೇ ಜಪಸರ ಪ್ರಾರ್ಥಿಸುವ ಸೊಬಗನ್ನು ಮತ್ತೆ ಕಂಡುಕೊಳ್ಳುವಂತೆ ವಿಶ್ವಾಸಿಗಳಿಗೆ ಪತ್ರ ಬರೆದರು. ಮನೆಯಲ್ಲಿ ಪ್ರಾರ್ಥನೆಯ ರೂಢಿ ಇದ್ದವರಿಗೆ ಆ ದಿನಗಳು ಅಷ್ಟು ಬರಿದಾಗಿರಲಿಲ್ಲ. ರೂಢಿ ತಪ್ಪಿದ್ದವರು ಎಲ್ಲಿಂದ ಆರಂಭಿಸಬೇಕೆಂದು ತಿಳಿಯದೆ ತಡಕಾಡಿದರು.

ಜಪಸರದ ರಚನೆ

ಐದು ದಶಕಗಳ ಜಪಸರದಲ್ಲಿ ಒಂದು ಶಿಲುಬೆ ಮತ್ತು 59 ಮಣಿಗಳಿರುತ್ತವೆ. ಶಿಲುಬೆಯನ್ನು ಹಿಡಿದು ಪ್ರೇಷಿತರ ವಿಶ್ವಾಸ ಸಂಗ್ರಹ, ನಂತರ ಒಂದು 'ಪರಲೋಕದಲ್ಲಿರುವ ನಮ್ಮ ತಂದೆಯೇ', ವಿಶ್ವಾಸ, ಭರವಸೆ ಹಾಗೂ ಪ್ರೀತಿ ಎಂಬ ಮೂರು ವರಗಳಿಗಾಗಿ ಮೂರು 'ನಮೋ ಮರಿಯಾ' ಮತ್ತು ತ್ರಿತ್ವಸ್ತುತಿ. ಅನಂತರ ಪ್ರತಿಯೊಂದು ರಹಸ್ಯಕ್ಕೆ ಒಂದು 'ಪರಲೋಕದಲ್ಲಿರುವ ನಮ್ಮ ತಂದೆಯೇ', ಹತ್ತು 'ನಮೋ ಮರಿಯಾ' ಹಾಗೂ ಒಂದು ತ್ರಿತ್ವಸ್ತುತಿ. ಹೀಗೆ ಒಟ್ಟು 53 'ನಮೋ ಮರಿಯಾ' ಪ್ರಾರ್ಥನೆಗಳಾಗುತ್ತವೆ. ಅವಸರವಿಲ್ಲದೆ ಪ್ರಾರ್ಥಿಸಿದರೂ ಇದಕ್ಕೆ ಇಪ್ಪತ್ತು ನಿಮಿಷಗಳು ಸಾಕು.

ರಹಸ್ಯಗಳು ಮತ್ತು ಅವುಗಳ ದಿನಗಳು ಹೀಗಿವೆ:

1. ಸಂತೋಷದ ರಹಸ್ಯಗಳು (ಸೋಮವಾರ, ಶನಿವಾರ): ದೇವದೂತರ ಶುಭವಾರ್ತೆ, ಎಲಿಜಬೇತಮ್ಮನವರ ಭೇಟಿ, ಯೇಸುವಿನ ಜನನ, ದೇವಾಲಯದಲ್ಲಿ ಬಾಲಯೇಸುವಿನ ಸಮರ್ಪಣೆ, ದೇವಾಲಯದಲ್ಲಿ ಯೇಸುವನ್ನು ಕಂಡುಕೊಂಡದ್ದು.

2. ಬೆಳಕಿನ ರಹಸ್ಯಗಳು (ಗುರುವಾರ): ಜೋರ್ದಾನಿನಲ್ಲಿ ದೀಕ್ಷಾಸ್ನಾನ, ಕಾನಾ ಊರಿನ ಮದುವೆ, ದೇವರ ರಾಜ್ಯದ ಘೋಷಣೆ, ಪ್ರಭುವಿನ ರೂಪಾಂತರ, ಪರಮಪ್ರಸಾದದ ಸ್ಥಾಪನೆ.

3. ದುಃಖದ ರಹಸ್ಯಗಳು (ಮಂಗಳವಾರ, ಶುಕ್ರವಾರ): ಗೆತ್ಸೆಮನಿ ತೋಪಿನ ಯಾತನೆ, ಕೊರಡೆಯ ಹೊಡೆತ, ಮುಳ್ಳಿನ ಕಿರೀಟ, ಶಿಲುಬೆಯ ಹಾದಿ, ಶಿಲುಬೆಯ ಮೇಲಿನ ಮರಣ.

4. ಮಹಿಮೆಯ ರಹಸ್ಯಗಳು (ಬುಧವಾರ, ಭಾನುವಾರ): ಪುನರುತ್ಥಾನ, ಸ್ವರ್ಗಾರೋಹಣ, ಪವಿತ್ರಾತ್ಮರ ಆಗಮನ, ಮಾತೆಯ ಸ್ವರ್ಗಸ್ವೀಕಾರ, ಮಾತೆಯ ಕಿರೀಟಧಾರಣೆ.

ಕೊನೆಯಲ್ಲಿ ಲೊರೆಟೊ ಮನವಿಮಾಲೆಯನ್ನು ಹೇಳುವ ಪದ್ಧತಿ ನಮ್ಮಲ್ಲಿದೆ. 2020ರ ಜೂನ್‌ನಲ್ಲಿ ಇದಕ್ಕೆ ಮೂರು ಹೊಸ ಬಿರುದುಗಳು ಸೇರಿವೆ: ಕರುಣೆಯ ಮಾತೆ, ಭರವಸೆಯ ಮಾತೆ ಮತ್ತು ವಲಸಿಗರ ಸಾಂತ್ವನ. ಮನೆಮಕ್ಕಳು ದೂರದ ದೇಶಗಳಲ್ಲಿ ದುಡಿಯುವ ನಮ್ಮ ಕುಟುಂಬಗಳಿಗೆ ಈ ಮೂರನೆಯ ಬಿರುದು ಹತ್ತಿರವಾದುದು.

ತುಟಿಯಿಂದ ಹೃದಯಕ್ಕೆ

ಜಪಸರದಲ್ಲಿ ಬಾಯಿಯ ಪ್ರಾರ್ಥನೆ ಮತ್ತು ಮನಸ್ಸಿನ ಧ್ಯಾನ ಎರಡೂ ಒಟ್ಟಿಗೆ ನಡೆಯಬೇಕು. ಧ್ಯಾನವಿಲ್ಲದ ಜಪಸರ ಆತ್ಮವಿಲ್ಲದ ದೇಹದಂತೆ ಎಂದು ಸಂತ ಆರನೇ ಪೌಲರು 1974ರಲ್ಲಿ ಎಚ್ಚರಿಸಿದ್ದರು. ಮಣಿಗಳನ್ನು ಎಣಿಸಿ ಮುಗಿಸುವುದು ಗುರಿಯಲ್ಲ. ಮಾತೆ ಮರಿಯಮ್ಮನವರು ತಮ್ಮ ಮಗನ ಜೀವನದ ಘಟನೆಗಳನ್ನು ಹೃದಯದಲ್ಲಿಟ್ಟುಕೊಂಡು ಮನನ ಮಾಡುತ್ತಿದ್ದರೆಂದು ಸಂತ ಲೂಕರು ಎರಡು ಸಲ ಬರೆಯುತ್ತಾರೆ (2:19, 2:51). ಜಪಸರವೆಂದರೆ ಆ ತಾಯಿಯ ಪಕ್ಕದಲ್ಲಿ ಕುಳಿತು ಅವರ ಕಣ್ಣುಗಳಿಂದ ಯೇಸುವನ್ನು ನೋಡುವುದು.

ಇದಕ್ಕಾಗಿ ಸಂತ ಎರಡನೇ ಜಾನ್ ಪೌಲರು ತಮ್ಮ 2002ರ ಪತ್ರದಲ್ಲಿ ಕೆಲವು ಸರಳ ಸಲಹೆಗಳನ್ನು ನೀಡಿದ್ದಾರೆ. ರಹಸ್ಯವನ್ನು ಘೋಷಿಸಿದ ಮೇಲೆ ಅದಕ್ಕೆ ಸಂಬಂಧಿಸಿದ ಶುಭಸಂದೇಶದ ವಾಕ್ಯವನ್ನು ಓದುವುದು, ಸಾಧ್ಯವಾದರೆ ಒಂದು ಚಿತ್ರವನ್ನು ಮುಂದಿಟ್ಟುಕೊಳ್ಳುವುದು, ಸ್ವಲ್ಪ ಹೊತ್ತು ಮೌನವಾಗಿರುವುದು, 'ನಮೋ ಮರಿಯಾ'ದ ನಡುವೆ ಬರುವ ಯೇಸುವಿನ ನಾಮವನ್ನು ಒತ್ತಿ ಹೇಳುವುದು. ಆ ಪವಿತ್ರ ನಾಮವೇ ಪ್ರಾರ್ಥನೆಯ ಎರಡು ಭಾಗಗಳನ್ನು ಜೋಡಿಸುವ ಕೊಂಡಿ. ನಾವು ಮಾತೆಯನ್ನು ಆರಾಧಿಸುವುದಿಲ್ಲ. ಮಾತೆಯೊಡನೆ ಸೇರಿ ಅವರ ಮಗನನ್ನು ಆರಾಧಿಸುತ್ತೇವೆ.

ಅದದೇ ಮಾತು ಏಕೆ?

ಅನ್ಯರಂತೆ ವ್ಯರ್ಥವಾಗಿ ಮಾತು ಬೆಳೆಸಬಾರದೆಂದು ಪ್ರಭು ಹೇಳಿಲ್ಲವೇ (ಮತ್ತಾಯ 6:7) ಎಂದು ಕೆಲವರು ಕೇಳುತ್ತಾರೆ. ಪ್ರಭು ನಿರಾಕರಿಸಿದ್ದು ಹೆಚ್ಚು ಮಾತಾಡಿದರೆ ದೇವರು ಮಣಿಯುತ್ತಾರೆಂಬ ಭಾವನೆಯನ್ನು. ಗೆತ್ಸೆಮನಿಯಲ್ಲಿ ಯೇಸು ತಾವೇ ಮೂರನೇ ಸಲವೂ ಅದೇ ಮಾತುಗಳಿಂದ ಪ್ರಾರ್ಥಿಸಿದರು (ಮತ್ತಾಯ 26:44). 136ನೇ ಕೀರ್ತನೆಯ 26 ಚರಣಗಳಲ್ಲಿಯೂ ಒಂದೇ ಪಲ್ಲವಿ ಮರುಕಳಿಸುತ್ತದೆ. ತಾಯಿ ಮಗುವನ್ನು ತೂಗುವಾಗ ಹೊಸ ಹೊಸ ಮಾತು ಹುಡುಕುವುದಿಲ್ಲ. ಪ್ರೀತಿಯಿದ್ದಲ್ಲಿ ಅದೇ ಮಾತು ಹಳತಾಗುವುದಿಲ್ಲ. ಪ್ರೀತಿ ಇಲ್ಲದಲ್ಲಿ ಹೊಸ ಮಾತೂ ಖಾಲಿ.

ಮನಸ್ಸು ಅಲೆದಾಡಿದಾಗ

'ಜಪಸರ ಹಿಡಿದರೆ ಸಾಲದ ಕಂತು, ಮಕ್ಕಳ ಪರೀಕ್ಷೆ, ನಾಳೆಯ ಅಡುಗೆ ಎಲ್ಲವೂ ನೆನಪಾಗುತ್ತದೆ. ಇಂತಹ ಪ್ರಾರ್ಥನೆಯಿಂದ ಏನು ಪ್ರಯೋಜನ?' ಎಂದು ಬೇಸತ್ತು ಬಿಟ್ಟುಬಿಡುವವರಿದ್ದಾರೆ. ಲಿಸಿಯೂವಿನ ಸಂತ ತೆರೇಸಮ್ಮನವರು 1897ರಲ್ಲಿ ದೈವಾಧೀನರಾದರು, 1997ರಲ್ಲಿ ಧರ್ಮಸಭೆಯ ಪಂಡಿತೆಯೆಂದು ಘೋಷಿತರಾದರು. ಅವರೂ ಒಂಟಿಯಾಗಿ ಜಪಸರ ಮಾಡುವುದು ತಮಗೆ ಬಹಳ ಕಷ್ಟವೆಂದು, ಎಷ್ಟು ಪ್ರಯತ್ನಿಸಿದರೂ ಮನಸ್ಸು ನಿಲ್ಲುವುದಿಲ್ಲವೆಂದು ಬರೆದುಕೊಂಡಿದ್ದಾರೆ. ಮೊದಲು ಅದಕ್ಕಾಗಿ ಕೊರಗಿದರು. ಬಳಿಕ, ತಾಯಿ ಮಗಳ ಒಳ್ಳೆಯ ಮನಸ್ಸನ್ನೇ ನೋಡುತ್ತಾರೆಂದು ಸಮಾಧಾನಪಟ್ಟುಕೊಂಡರು. ಪ್ರಾರ್ಥನೆಯನ್ನು ಬಿಡಲಿಲ್ಲ.

ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಪ್ರಾರ್ಥನೆಯನ್ನು ಒಂದು ಹೋರಾಟವೆಂದು ಕರೆಯುತ್ತದೆ. ಅಡ್ಡ ಯೋಚನೆಗಳನ್ನು ಬೆನ್ನಟ್ಟಿ ಓಡಿಸಲು ಹೊರಟರೆ ಅವುಗಳ ಬಲೆಗೆ ಬೀಳುತ್ತೇವೆ. ಹೃದಯದತ್ತ ಹಿಂತಿರುಗಿದರೆ ಸಾಕು ಎಂಬುದು ಅದರ ಸಲಹೆ (2729). ಮಾತ್ರವಲ್ಲ, ಮನಸ್ಸು ಎಲ್ಲಿಗೆ ಓಡುತ್ತದೆಯೋ ಅಲ್ಲಿ ನಮ್ಮ ಆಸಕ್ತಿ ಇದೆಯೆಂದು ಅದರಿಂದ ತಿಳಿಯುತ್ತದೆ. ಸಾಲದ ಚಿಂತೆ ಬಂದರೆ ಅದನ್ನೇ ಮುಂದಿನ ಹತ್ತು 'ನಮೋ ಮರಿಯಾ'ದ ಉದ್ದೇಶವನ್ನಾಗಿ ಮಾಡಬಹುದು. ಆಗ ಅಡ್ಡಿಯಾಗಿ ಬಂದದ್ದೇ ಪ್ರಾರ್ಥನೆಯಾಗುತ್ತದೆ.

ಮನೆಯಲ್ಲಿ ಪುನಃ ಆರಂಭಿಸುವ ಬಗೆ

ನಿಂತುಹೋದ ತೆರ್ಸನ್ನು ಮತ್ತೆ ಆರಂಭಿಸಲು ಬಯಸುವವರಿಗೆ ಕೆಲವು ಸಲಹೆಗಳು:

* ಒಂದು ದಶಕದಿಂದ ಆರಂಭಿಸಿರಿ. ಮೊದಲ ದಿನವೇ ಐದು ರಹಸ್ಯ, ಮನವಿಮಾಲೆ, ಎಲ್ಲ ಸಂತರ ಪ್ರಾರ್ಥನೆ ಎಂದು ಉದ್ದ ಮಾಡಿದರೆ ಮಕ್ಕಳು ಎರಡನೇ ದಿನ ಬರುವುದಿಲ್ಲ. ಒಂದು ದಶಕಕ್ಕೆ ನಾಲ್ಕು ನಿಮಿಷ ಸಾಕು. ರುಚಿ ಹತ್ತಿದ ಮೇಲೆ ಅದು ತಾನಾಗಿಯೇ ಬೆಳೆಯುತ್ತದೆ.

* ಎಲ್ಲರಿಗೂ ಅನುಕೂಲವಾದ ಹೊತ್ತನ್ನು ಆರಿಸಿರಿ. ಏಳು ಗಂಟೆಗೇ ಆಗಬೇಕೆಂದಿಲ್ಲ. ರಾತ್ರಿ ಊಟಕ್ಕೆ ಮೊದಲು ಎಲ್ಲರೂ ಮನೆಯಲ್ಲಿರುವುದಾದರೆ ಅದೇ ಒಳ್ಳೆಯ ಸಮಯ. ಆದರೆ ಗೊತ್ತುಮಾಡಿದ ಹೊತ್ತು ದಿನದಿನಕ್ಕೂ ಬದಲಾಗದಿರಲಿ.

* ಟಿವಿಯನ್ನು ಆರಿಸಿರಿ, ಮೊಬೈಲುಗಳನ್ನು ಬೇರೆ ಕೋಣೆಯಲ್ಲಿಡಿರಿ. ಮೊದಲು ತಂದೆತಾಯಿಯ ಮೊಬೈಲ್, ಬಳಿಕ ಮಕ್ಕಳದ್ದು.

* ಪ್ರತಿ ರಹಸ್ಯವನ್ನು ಒಬ್ಬೊಬ್ಬರು ನಡೆಸಲಿ. ಚಿಕ್ಕ ಮಗುವೂ ಒಂದು ದಶಕವನ್ನು ಮುನ್ನಡೆಸಬಹುದು. ತಪ್ಪಿದರೆ ಗದರಬೇಡಿರಿ. ಗದರಿಕೆಯೊಡನೆ ಕಲಿತ ಪ್ರಾರ್ಥನೆಯನ್ನು ಮಗು ದೊಡ್ಡದಾದ ಮೇಲೆ ಬಿಟ್ಟುಬಿಡುತ್ತದೆ.

* ಪ್ರತಿ ದಶಕಕ್ಕೂ ಒಂದು ಸ್ಪಷ್ಟ ಉದ್ದೇಶವಿರಲಿ: ನೆರೆಮನೆಯ ರೋಗಿ, ಸಮುದ್ರಕ್ಕೆ ಹೋದವರು, ಕೆಲಸ ಹುಡುಕುತ್ತಿರುವ ಯುವಕ, ನಮ್ಮೊಡನೆ ಮಾತು ಬಿಟ್ಟ ಬಂಧು.

* ಬೆಸಾಂವ್ ಬೇಡುವ ಕ್ರಮವನ್ನು ಬಿಡಬೇಡಿರಿ. ಹಗಲು ಅಪ್ಪನೊಡನೆ ಜಗಳವಾಡಿದ ಮಗ ಸಂಜೆ ಅವರ ಮುಂದೆ ಕೈಜೋಡಿಸಿ ನಿಂತಾಗ, ಅಪ್ಪ ಅವನ ತಲೆಯ ಮೇಲೆ ಕೈಯಿಟ್ಟಾಗ, ಎಷ್ಟೋ ಮಾತುಗಳಿಂದ ಆಗದ ರಾಜಿ ಆಗಿಬಿಡುತ್ತದೆ.

ಕುಟುಂಬವಾಗಿ ಒಟ್ಟಿಗೆ ಜಪಸರ ಮಾಡುವವರಿಗೆ ಪಾಪನಿವೇದನೆ, ಪರಮಪ್ರಸಾದ ಸ್ವೀಕಾರ, ಪೋಪರ ಉದ್ದೇಶಗಳಿಗಾಗಿ ಪ್ರಾರ್ಥನೆ ಮತ್ತು ಪಾಪದ ಮೇಲಿನ ಮೋಹವನ್ನು ತೊರೆಯುವುದು ಎಂಬ ಸಾಮಾನ್ಯ ಷರತ್ತುಗಳ ಮೇಲೆ ಧರ್ಮಸಭೆಯು ಪೂರ್ಣ ದಂಡವಿಮೋಚನೆಯನ್ನೂ ದಯಪಾಲಿಸುತ್ತದೆ.

ಒಬ್ಬರೇ ಇರುವವರಿಗೆ, ದೂರದಲ್ಲಿರುವವರಿಗೆ

ಮನೆಯಲ್ಲಿ ಒಬ್ಬರೇ ಉಳಿದವರು ತಮ್ಮ ಪ್ರಾರ್ಥನೆ ಸಣ್ಣದೆಂದು ತಿಳಿಯಬಾರದು. 1826ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಪೌಲಿನ್ ಜರಿಕೊ ಎಂಬ ಯುವತಿ 'ಜೀವಂತ ಜಪಸರ'ವನ್ನು ಆರಂಭಿಸಿದರು. ಹದಿನೈದು ಮಂದಿಯ ಗುಂಪು. ಪ್ರತಿಯೊಬ್ಬರೂ ದಿನಕ್ಕೆ ಒಂದೇ ದಶಕವನ್ನು ತಮ್ಮ ತಮ್ಮ ಮನೆಯಲ್ಲಿ ಪ್ರಾರ್ಥಿಸುವುದು. ಎಲ್ಲರದ್ದೂ ಸೇರಿ ಪೂರ್ಣ ಜಪಸರ. 2022ರ ಮೇ 22ರಂದು ಅವರನ್ನು ಧನ್ಯರೆಂದು ಘೋಷಿಸಲಾಯಿತು. ಒಬ್ಬರು ದುಬಾಯಿಯಲ್ಲಿ, ಒಬ್ಬರು ಮುಂಬಯಿಯಲ್ಲಿ, ಅಮ್ಮ ಊರಿನಲ್ಲಿ ಇರುವ ಕುಟುಂಬಕ್ಕೆ ಇದು ತುಂಬ ಸೂಕ್ತವಾದ ಕ್ರಮ. ಐದು ಮಂದಿ ಒಂದೊಂದು ರಹಸ್ಯವನ್ನು ಹಂಚಿಕೊಂಡರೆ ಆ ದಿನದ ತೆರ್ಸ್ ಪೂರ್ಣವಾಯಿತು. ವಾರಕ್ಕೊಮ್ಮೆ ಫೋನಿನಲ್ಲಿ ಒಟ್ಟಿಗೆ ಪ್ರಾರ್ಥಿಸಲೂಬಹುದು. ಬಸ್ಸಿನಲ್ಲಿ, ನಡೆಯುವಾಗ, ರೋಗಿಯ ಪಕ್ಕದಲ್ಲಿ ರಾತ್ರಿ ಎಚ್ಚರವಿರುವಾಗ ಹತ್ತು ಬೆರಳುಗಳೇ ಜಪಸರ.

ಬಲಿಪೂಜೆಯೂ ಬಾಳೂ

ಭಕ್ತಿಯ ಆಚರಣೆಗಳು ದೈವಾರಾಧನೆಯಿಂದ ಹೊರಟು ಜನರನ್ನು ಮತ್ತೆ ಅಲ್ಲಿಗೇ ಕರೆದೊಯ್ಯಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಸೂಚಿಸಿತು. ಆದುದರಿಂದ ಜಪಸರವು ಬಲಿಪೂಜೆಗೆ ಬದಲಿಯಲ್ಲ, ಬಲಿಪೂಜೆಯ ವೇಳೆ ಮಾಡುವಂತಹದ್ದೂ ಅಲ್ಲ. ಭಾನುವಾರ ಪ್ರಭುವಿನ ಮೇಜಿನ ಬಳಿ ಪಡೆದುದನ್ನು ವಾರವಿಡೀ ಮನೆಯಲ್ಲಿ ಮೆಲುಕು ಹಾಕುವ ಸಾಧನ ಅದು.

ಪ್ರಾರ್ಥನೆ ಫಲಕೊಟ್ಟಿದೆಯೇ ಎಂದು ತಿಳಿಯುವುದು ಜಪಸರ ಮುಗಿದ ನಂತರದ ಅರ್ಧ ಗಂಟೆಯಲ್ಲಿ. ಎಲಿಜಬೇತಮ್ಮನವರ ಭೇಟಿಯನ್ನು ಧ್ಯಾನಿಸಿದವರು ಹಾಸಿಗೆ ಹಿಡಿದ ನೆರೆಯವರ ಮನೆಗೆ ಹೋಗದಿದ್ದರೆ, ಕಾನಾ ಊರಿನ ಮದುವೆಯನ್ನು ಧ್ಯಾನಿಸಿದವರು ಇನ್ನೊಬ್ಬರ ಮನೆಯ ಕೊರತೆಯನ್ನು ಗಮನಿಸದಿದ್ದರೆ, ಶಿಲುಬೆಯ ಹಾದಿಯನ್ನು ಧ್ಯಾನಿಸಿದವರು ಜಾಗದ ಗಡಿಗಾಗಿ ಅಣ್ಣತಮ್ಮಂದಿರೊಡನೆ ನ್ಯಾಯಾಲಯ ಹತ್ತುತ್ತಲೇ ಇದ್ದರೆ, ಮಣಿಗಳು ಬೆರಳಿನಲ್ಲಿ ಸರಿದಿವೆ, ಹೃದಯ ಇನ್ನೂ ಸರಿದಿಲ್ಲ.

ಇಂದು ಸಂಜೆ ಗಂಟೆ ಬಾರಿಸುವಾಗ ಮನೆಯಲ್ಲಿ ಯಾರಿದ್ದೀರೋ ಅವರೇ ಸಾಕು. ಇಬ್ಬರು ಮೂವರು ತಮ್ಮ ಹೆಸರಿನಲ್ಲಿ ಸೇರಿದಲ್ಲಿ ತಾವಿರುವುದಾಗಿ ಪ್ರಭು ಮಾತು ಕೊಟ್ಟಿದ್ದಾರೆ (ಮತ್ತಾಯ 18:20). ಪೆಟ್ಟಿಗೆಯಲ್ಲಿರುವ ಅಜ್ಜಿಯ ಜಪಸರವನ್ನು ಹೊರತೆಗೆಯಿರಿ, ಒಂದು ದೀಪ ಹಚ್ಚಿರಿ, ಒಂದು ದಶಕ ಪ್ರಾರ್ಥಿಸಿರಿ. ನಾಳೆ ಮತ್ತೆ ಅದೇ ಹೊತ್ತಿಗೆ ಕುಳಿತುಕೊಳ್ಳಿರಿ. ಜಪಸರ ಮಾತೆಯು ನಮ್ಮೆಲ್ಲರ ಮನೆಗಳಿಗಾಗಿ ಪ್ರಾರ್ಥಿಸಲಿ.